ಪ್ಲಾಸ್ಮಾ ಅಂಚಿನಲ್ಲಿ ಯಾಕೆ ಸೋರುತ್ತದೆ?

ಪ್ರಶ್ನೆ: ಟೋಕಮಾಕ್‌ನಲ್ಲಿ ಅಯಸ್ಕಾಂತದ ಬಲದಿಂದ ಪ್ಲಾಸ್ಮಾವನ್ನು ಗೋಡೆಗೆ ತಾಗದಂತೆ ಹಿಡಿದಿಡುತ್ತಾರೆ ಅಂತ ಓದಿದೆ. ಹಾಗಿದ್ದರೂ ಅದು ಸೋರುತ್ತದಂತೆ, ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಪ್ಲಾಸ್ಮಾ ಅಂದರೆ ಅಯಾನು, ಎಲೆಕ್ಟ್ರಾನುಗಳಾಗಿ ಒಡೆದ ಬಿಸಿ ಅನಿಲ. ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯಲು ಅದನ್ನು ಹಿಡಿದಿಡುವ ಉಂಗುರದಾಕಾರದ ಯಂತ್ರವೇ ಟೋಕಮಾಕ್. ಅದರಲ್ಲಿ ಹಿಡಿತ ಇದೆ, ಆದರೆ ಪೂರ್ತಿ ಇಲ್ಲ. ಕಣಗಳು ಬರೀ ಡಿಕ್ಕಿ ಹೊಡೆದುಕೊಂಡು ಹೊರಗೆ ಜಾರುತ್ತವೆ ಅಂತ ಲೆಕ್ಕ ಹಾಕಿದರೆ ಸೋರಿಕೆ ತೀರಾ ಕಡಿಮೆ ಇರಬೇಕು. ಅಳೆದರೆ ಅದಕ್ಕಿಂತ ಎಷ್ಟೋ ಜಾಸ್ತಿ. ಕಾರಣ, ಪ್ಲಾಸ್ಮಾದೊಳಗೇ ಏಳುವ ಸುಳಿಗಳು. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಈಟರ್ ಎಂಬ ದೊಡ್ಡ ಟೋಕಮಾಕ್‌ನ ನಡುವೆ 15 ಕೋಟಿ ಡಿಗ್ರಿ ಬಿಸಿ ಬೇಕು, ಅಲ್ಲಿಂದ ಅಂಚಿಗೆ ಸುಮಾರು 2 ಮೀಟರ್ ಅಷ್ಟೇ. ಇಷ್ಟು ಹತ್ತಿರದಲ್ಲಿ ಅಷ್ಟೊಂದು ವ್ಯತ್ಯಾಸ ಇದ್ದರೆ ಸುಳಿ ಏಳದೆ ಇರುತ್ತಾ?

ಅಂಚಿನಲ್ಲಿ ಇನ್ನೂ ಸ್ವಾರಸ್ಯ ಇದೆ. ಸೋರಿಕೆ ಒಂದೇ ಸಮನೆ ಆಗುವುದಿಲ್ಲ. ಕಾಂತರೇಖೆಯ ಗುಂಟ ಮೀಟರುಗಟ್ಟಲೆ ಉದ್ದ, ಅಡ್ಡಕ್ಕೆ ಒಂದೆರಡು ಸೆಂಟಿಮೀಟರ್ ಇರುವ ಪ್ಲಾಸ್ಮಾದ ಎಳೆಗಳು ಕಿತ್ತುಕೊಂಡು ಗೋಡೆ ಕಡೆ ಓಡುತ್ತವೆ. ಇವೇ ಬ್ಲಾಬ್‌ಗಳು. ಕಾಂತಕ್ಷೇತ್ರ ಬಾಗಿರುವುದರಿಂದ ಎಳೆಯೊಳಗಿನ ಅಯಾನುಗಳು ಒಂದು ಕಡೆ, ಎಲೆಕ್ಟ್ರಾನುಗಳು ಇನ್ನೊಂದು ಕಡೆ ಸರಿಯುತ್ತವೆ, ಆಗ ಹುಟ್ಟುವ ವಿದ್ಯುತ್ ಕ್ಷೇತ್ರವೇ ಇಡೀ ಎಳೆಯನ್ನು ಹೊರಕ್ಕೆ ದಬ್ಬುತ್ತದೆ.

ತಡೆಯುವ ದಾರಿ ಸಿಕ್ಕಿದ್ದು 1982ರಲ್ಲಿ. ಜರ್ಮನಿಯ ಗಾರ್ಚಿಂಗ್‌ನ ಆಸ್ಡೆಕ್ಸ್ ಯಂತ್ರದಲ್ಲಿ ಫ್ರಿಟ್ಸ್ ವಾಗ್ನರ್ ಮತ್ತು ಜೊತೆಗಾರರು ಬಿಸಿ ಏರಿಸುತ್ತಾ ಹೋದಾಗ ಅಂಚಿನ ಸೋರಿಕೆ ಇದ್ದಕ್ಕಿದ್ದಂತೆ ಇಳಿಯಿತು, ಶಾಖ ಉಳಿಯುವ ಅವಧಿ ಹೆಚ್ಚುಕಡಿಮೆ ಎರಡರಷ್ಟಾಯಿತು. ಇದಕ್ಕೆ ಎಚ್-ಮೋಡ್, ಅಂದರೆ ಹೆಚ್ಚು ಹಿಡಿತದ ಸ್ಥಿತಿ, ಅಂತಾರೆ. ಅಕ್ಕಪಕ್ಕದ ಪದರಗಳು ಬೇರೆ ಬೇರೆ ವೇಗದಲ್ಲಿ ಸಾಗಿ ಸುಳಿಗಳನ್ನು ತುಂಡರಿಸುತ್ತವೆ. ನಿಮ್ಮ ಹೇಮಾವತಿಯಲ್ಲಿ ಇದರ ಉಲ್ಟಾ, ಅಲ್ಲಿ ವೇಗದ ವ್ಯತ್ಯಾಸವೇ ಸುಳಿ ಎಬ್ಬಿಸುತ್ತದೆ, ಅಲ್ವಾ? ಆದರೆ ಅಂಚು ಬಿಗಿಯಾದರೂ ಕಷ್ಟವೇ. ಒತ್ತಡ ಕಟ್ಟಿಕೊಂಡು ಆಗಾಗ ಸಿಡಿಯುತ್ತದೆ, ದೊಡ್ಡ ಯಂತ್ರದಲ್ಲಿ ಆ ಹೊಡೆತಕ್ಕೆ ಗೋಡೆಯ ಮೇಲ್ಮೈ ಕರಗಬಹುದು. ಹಾಗಾಗಿ ಸ್ವಲ್ಪ ಸೋರಿಕೆ ಬೇಕೇ ಬೇಕು, ಎಷ್ಟು ಅನ್ನುವುದೇ ಈಗಿನ ತಲೆನೋವು.

ಪ್ರಶ್ನೆ: ಇದರ ಅಧ್ಯಯನ ನಮ್ಮ ದೇಶದಲ್ಲಿ ನಡೆದಿದೆಯೇ?
– ಓದುಗರು, ಮೂಡಿಗೆರೆ

ಉತ್ತರ: ನಡೆದಿದೆ, ಅದೂ ಬಹಳ ಮೊದಲೇ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಆದಿತ್ಯ ಟೋಕಮಾಕ್ 1989ರಲ್ಲಿ ಶುರುವಾಯಿತು. ಅಂಚಿನ ಏರಿಳಿತಗಳು ಬಿಟ್ಟುಬಿಟ್ಟು, ಗಬಕ್ಕನೆ ಬರುತ್ತವೆ ಅಂತ ಅಲ್ಲಿನವರು 1992ರಲ್ಲೇ ಪ್ರಕಟಿಸಿದರು. ಬ್ಲಾಬ್ ಹೊರಕ್ಕೆ ಓಡುವ ಸಿದ್ಧಾಂತವನ್ನು ಭೌತವಿಜ್ಞಾನಿ ಕ್ರಾಶೆನಿನ್ನಿಕೊವ್ ಬರೆದದ್ದು 2001ರಲ್ಲಿ! ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿದವರು ಆ ಸಂಸ್ಥೆಯಲ್ಲಿ ಪಿಎಚ್.ಡಿ.ಗೆ ಪ್ರಯತ್ನಿಸಬಹುದು. ಹಾಸನದ ವಿದ್ಯಾರ್ಥಿನಿಯೂ ಇದನ್ನು ಗಮನಿಸಲಿ.