ಡೈರಿಗೆ ಹಾಲು ಹಾಕುವ ಗಾಡಿಗೂ ಲೈಸೆನ್ಸ್ ಬೇಕು ಅಣ್ಣ

ಅಣ್ಣ, ಬೆಳಿಗ್ಗೆ ಹಾಲು ಕರೆದು ಬಂದು ಕೂತಾಗ ನಿಮ್ಮ ಪ್ರಶ್ನೆ ನೋಡಿದೆ. ಅಷ್ಟರಲ್ಲಿ ಕೆಳಗೆ ಇಪ್ಪತ್ತು ಉತ್ತರ ಬಂದಿದ್ದವು. ಅರ್ಧಕ್ಕರ್ಧ ತಪ್ಪು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನೀವು ಕೇಳಿದ್ದು ಮುಖ್ಯವಾಗಿ ಎರಡು. ಮಗನಿಗೆ 17 ತುಂಬಿದೆ, ಡೈರಿಗೆ ಹಾಲು ಹಾಕಿ ಬರೋಕೆ ಟಿವಿಎಸ್ ಎಕ್ಸೆಲ್ ಮೊಪೆಡ್ ಕೊಡಬಹುದಾ ಅಂತ ಒಂದು. ನಿಮಗೆ 44, ಇಪ್ಪತ್ತು ವರ್ಷದಿಂದ ಅದೇ ಸ್ಪ್ಲೆಂಡರನ್ನು ಲೈಸೆನ್ಸ್ ಇಲ್ಲದೇ ಓಡಿಸುತ್ತಿದ್ದೀರಿ, ಈಗ ಮಾಡಿಸಬೇಕಾದರೆ ಎಲ್ಲಿಂದ ಶುರು ಮಾಡಬೇಕು ಅಂತ ಇನ್ನೊಂದು.

ಮಗನದ್ದು ಮೊದಲು ಹೇಳಿಬಿಡುತ್ತೇನೆ. ಕೊಡಬೇಡಿ. ಮೇಲೆ ಒಬ್ಬರು ‘16ಕ್ಕೇ ಲೈಸೆನ್ಸ್ ಸಿಗುತ್ತೆ’ ಎಂದು ಬರೆದಿದ್ದಾರೆ. ಅದು ಪೂರ್ತಿ ಸುಳ್ಳೇನಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 16 ತುಂಬಿದವರಿಗೆ ಒಂದು ಅವಕಾಶ ಇದೆ, ಆದರೆ ಗಾಡಿಯ ಎಂಜಿನ್ 50 ಸಿಸಿ ಮೀರಬಾರದು. ಲೂನಾ, ಟಿವಿಎಸ್ ಫಿಫ್ಟಿ ಓಡಾಡುತ್ತಿದ್ದ ಕಾಲಕ್ಕೆ ಅದು ಸರಿ. ನಿಮ್ಮ ಮನೆಯಲ್ಲಿರುವುದು ಎಕ್ಸೆಲ್ 100. ಅದು 99.7 ಸಿಸಿ. ಹೆಸರಲ್ಲೇ ನೂರು ಇದೆಯಲ್ಲ! ‘ಎಕ್ಸೆಲ್‌ಗೆ ಲೈಸೆನ್ಸೇ ಬೇಡ’ ಎನ್ನುವ ಮಾತು ನಮ್ಮೂರಲ್ಲೂ ಇದೆ, ಎಲ್ಲಿ ಹುಟ್ಟಿತೋ ದೇವರಿಗೇ ಗೊತ್ತು. ನಂಬರ್ ಪ್ಲೇಟ್ ಇರುವ ಗಾಡಿ ಯಾವುದೇ ಇರಲಿ, ಲೈಸೆನ್ಸ್ ಬೇಕು. ಎಕ್ಸೆಲ್‌ಗೆ 18 ತುಂಬಲೇಬೇಕು.

ಹುಡುಗ ಸಿಕ್ಕಿಬಿದ್ದರೆ ಕೇಸು ಅವನ ಮೇಲೆ ಮಾತ್ರ ಆಗುವುದಿಲ್ಲ, ನಿಮ್ಮ ಮೇಲೂ ಆಗುತ್ತದೆ. 2019ರಲ್ಲಿ ಕಾಯ್ದೆಗೆ 199ಎ ಅಂತ ಒಂದು ಸೆಕ್ಷನ್ ಸೇರಿಸಿದ್ದಾರೆ. 18 ತುಂಬದವರು ಅಪರಾಧ ಮಾಡಿದರೆ ಹೆತ್ತವರು ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. ಗಾಡಿಯ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ಆಗುವ ತನಕ ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ‘ನನಗೆ ಗೊತ್ತಿಲ್ಲದೇ ತಗೊಂಡು ಹೋದ’ ಅಂದರೆ ಅದನ್ನು ನೀವೇ ಸಾಬೀತು ಮಾಡಬೇಕು. ಹಳ್ಳಿ ರಸ್ತೆಯಲ್ಲಿ ಯಾರು ಹಿಡಿಯುತ್ತಾರೆ ಅನ್ನಬಹುದು. ಹಿಡಿಯದೇ ಇರಬಹುದು. ಆದರೆ ಯಾರಿಗಾದರೂ ಗುದ್ದಿದ ದಿನ ಏನು ಮಾಡುತ್ತೀರಿ? ಓಡಿಸಿದವನಿಗೆ ಲೈಸೆನ್ಸ್ ಇಲ್ಲ ಅಂದರೆ ಇನ್ಶೂರೆನ್ಸ್ ಕಂಪನಿ ಗಾಯಾಳುವಿಗೆ ಕೊಟ್ಟ ದುಡ್ಡನ್ನು ಕೋರ್ಟ್ ಮೂಲಕ ಮಾಲೀಕರಿಂದಲೇ ವಸೂಲಿ ಮಾಡಬಹುದು. ಆಗ ತೋಟ ಮಾರಬೇಕಾಗುತ್ತದೆ.

ಎಲೆಕ್ಟ್ರಿಕ್ ತಗೊಳ್ಳಿ, ಅದಕ್ಕೆ ಏನೂ ಬೇಡ ಅಂತಲೂ ಯಾರೋ ಹೇಳಿದ್ದಾರೆ. ಎಲ್ಲಾ ಎಲೆಕ್ಟ್ರಿಕ್ ಗಾಡಿಗೂ ಅದು ಅನ್ವಯಿಸುವುದಿಲ್ಲ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್ ಒಳಗಿನ ಮೋಟಾರಿನ ಸಣ್ಣ ಗಾಡಿಗೆ ಮಾತ್ರ ಲೈಸೆನ್ಸ್, ರಿಜಿಸ್ಟ್ರೇಷನ್ ಬೇಡ. ಎರಡು ಕ್ಯಾನ್ ಹಾಲು ಹೇರಿಕೊಂಡು ಏರಿ ಹತ್ತಬೇಕಾದರೆ ಅದು ಏದುಸಿರು ಬಿಡುತ್ತದೆ. ಡೈರಿ ಒಂದೂವರೆ ಕಿಲೋಮೀಟರ್ ಅಂದಿರಿ. ಸೈಕಲ್ ಸಾಕಲ್ವಾ? ನಮ್ಮಪ್ಪ ಹ್ಯಾಂಡಲ್‌ಗೆ ಒಂದು, ಕ್ಯಾರಿಯರ್‌ಗೆ ಒಂದು ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದರು.

ಇನ್ನು ನಿಮ್ಮ ವಿಷಯ. ಇಪ್ಪತ್ತು ವರ್ಷ ಓಡಿಸಿದ್ದರೂ ನೇರವಾಗಿ ಪೂರ್ತಿ ಲೈಸೆನ್ಸ್ (ಡಿಎಲ್) ಕೊಡುವುದಿಲ್ಲ. ಮೊದಲು ಎಲ್‌ಎಲ್‌ಆರ್ ಆಗಬೇಕು. ಅದಕ್ಕೆ 6 ತಿಂಗಳ ಅವಧಿ. 30 ದಿನ ಕಳೆದ ಮೇಲೆ, ಅವಧಿ ಮುಗಿಯುವುದರೊಳಗೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ನಾನು ಇದರಲ್ಲಿ ಒಂದು ಸಲ ಎಡವಿದ್ದೇನೆ. ರಾಗಿ ಕೊಯ್ಲು, ಕಣದ ಕೆಲಸ ಅಂತ ಮುಂದೂಡುತ್ತಾ ಹೋದೆ, ಎಲ್‌ಎಲ್‌ಆರ್ ಸತ್ತೇ ಹೋಯಿತು. ಮತ್ತೆ ದುಡ್ಡು ಕಟ್ಟಿ, ಮತ್ತೆ ಪರೀಕ್ಷೆ ಬರೆದೆ. ನೀವು ಕೊಯ್ಲು ಮುಗಿಸಿಯೇ ಅರ್ಜಿ ಹಾಕಿ.

ಅರ್ಜಿ ಸರ್ಕಾರದ ‘ಸಾರಥಿ’ ವೆಬ್‌ಸೈಟ್‌ನಲ್ಲಿ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿದ್ದರೆ ಒಟಿಪಿ ಕೊಟ್ಟು ಎಲ್‌ಎಲ್‌ಆರ್ ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದು, ಕನ್ನಡದಲ್ಲೇ. ರಸ್ತೆ ಚಿಹ್ನೆಗಳು, ಯಾರಿಗೆ ದಾರಿ ಬಿಡಬೇಕು, ಎಲ್ಲಿ ಓವರ್‌ಟೇಕ್ ಮಾಡಬಾರದು, ಇಂಥವು. ನೂರಕ್ಕೆ 60 ಸರಿ ಇದ್ದರೆ ಪಾಸ್. ನೀವು 40 ದಾಟಿದ್ದರಿಂದ ಡಾಕ್ಟರ್ ಕೊಡುವ ‘ಫಾರಂ 1ಎ’ ಮೆಡಿಕಲ್ ಸರ್ಟಿಫಿಕೇಟ್ ಬೇಕು. 40ರೊಳಗಿನವರು ‘ಫಾರಂ 1’ರಲ್ಲಿ ತಾವೇ ಬರೆದುಕೊಟ್ಟರೆ ಸಾಕು. ಅದರಲ್ಲಿ ಒಂದು ಪ್ರಶ್ನೆ ಇದೆ: ಹಗಲು ಬೆಳಕಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದೋಕೆ ಆಗುತ್ತಾ ಅಂತ. ನೀವು ಒಮ್ಮೆ ರಸ್ತೆ ಬದಿ ನಿಂತು ನೋಡಿ. ನನ್ನ ಮೈದುನ ಹಾಗೆ ನೋಡಿದ ಮೇಲೆಯೇ ಕನ್ನಡಕ ಮಾಡಿಸಿದ್ದು.

ಕೇಂದ್ರದ ನಿಯಮದ ಪ್ರಕಾರ ಎಲ್‌ಎಲ್‌ಆರ್‌ಗೆ 150, ಅದರ ಪರೀಕ್ಷೆಗೆ 50, ಡ್ರೈವಿಂಗ್ ಟೆಸ್ಟ್‌ಗೆ 300, ಡಿಎಲ್‌ಗೆ 200 ರೂಪಾಯಿ. ಇದರ ಮೇಲೆ ಸ್ವಲ್ಪ ಸೇವಾ ಶುಲ್ಕ ಇರುತ್ತದೆ. ನಾನು ಮೊದಲ ಸಲ ಒಬ್ಬ ಏಜೆಂಟ್‌ಗೆ ಇದರ ಎರಡೂವರೆ ಪಟ್ಟು ಕೊಟ್ಟಿದ್ದೆ. ಅವನು ಮಾಡಿದ್ದು ನನ್ನ ಫೋನ್ ತಗೊಂಡು ಒಟಿಪಿ ಹಾಕಿದ್ದು, ಅಷ್ಟೇ.

ಈಗ ಎಲ್ಲರೂ ಮಾಡುವ ತಪ್ಪಿಗೆ ಬರುತ್ತೇನೆ. ಅರ್ಜಿಯಲ್ಲಿ ಗೇರ್ ಇರುವ ಬೈಕಾ, ಗೇರ್ ಇಲ್ಲದ್ದಾ ಅಂತ ಕೇಳುತ್ತಾರೆ. ನಾನು ಸ್ಕೂಟಿ ಮಾತ್ರ ಓಡಿಸುತ್ತಿದ್ದೆ, ಗೇರ್ ಇಲ್ಲದ್ದು ಅಂತ ಟಿಕ್ ಮಾಡಿದೆ. ಡಿಎಲ್‌ನಲ್ಲೂ ಅದೇ ಬಂತು. ಎರಡು ವರ್ಷ ಆದ ಮೇಲೆ ನಮ್ಮೆಜಮಾನರು ಕೈ ಮುರಿದುಕೊಂಡರು. ಮನೆಯಲ್ಲಿ ಬೈಕ್ ನಿಂತಿದೆ, ನನಗೆ ಓಡಿಸೋಕೆ ಬರುತ್ತದೆ, ಲೈಸೆನ್ಸೂ ಇದೆ, ಆದರೆ ಆ ಬೈಕಿಗೆ ಅದು ನಡೆಯುವುದಿಲ್ಲ! ಗೇರ್ ಸೇರಿಸೋಕೆ ಮತ್ತೆ ಎಲ್‌ಎಲ್‌ಆರ್, ಮತ್ತೆ ಟೆಸ್ಟ್. ಗೇರ್ ಬೈಕಿನ ಲೈಸೆನ್ಸ್ ಇದ್ದವರು ಸ್ಕೂಟಿ, ಎಕ್ಸೆಲ್ ಎಲ್ಲಾ ಓಡಿಸಬಹುದು. ಉಲ್ಟಾ ಆಗುವುದಿಲ್ಲ. ‘ಎಕ್ಸೆಲ್‌ನಲ್ಲಿ ಟೆಸ್ಟ್ ಕೊಡಿ, ಸಲೀಸು’ ಎಂದು ಮೇಲೆ ಹೇಳಿದ್ದಾರಲ್ಲ, ದಯವಿಟ್ಟು ಅದನ್ನು ಕೇಳಬೇಡಿ. ಸ್ಪ್ಲೆಂಡರ್‌ನಲ್ಲೇ ಕೊಡಿ. ಮಗನಿಗೂ 18 ತುಂಬಿದಾಗ ಗೇರ್ ಬೈಕಿಗೇ ಹಾಕಿಸಿ.

ಎಲ್‌ಎಲ್‌ಆರ್ ಇದ್ದಷ್ಟು ದಿನ ಕಟ್ಟುಪಾಡು ಇವೆ. ಮುಂದೆ ಹಿಂದೆ ಎರಡೂ ಕಡೆ ಎಲ್ ಬೋರ್ಡ್ ಇರಬೇಕು, ಬಿಳಿ ಮೇಲೆ ಕೆಂಪು ಅಕ್ಷರ. ಪೆನ್ನಲ್ಲಿ ಬರೆದು ಅಂಟಿಸುವುದಲ್ಲ, 18 ಸೆಂಟಿಮೀಟರ್ ಚೌಕ ಇರಬೇಕು ಅಂತ ನಿಯಮ. ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಆ ಬೈಕಿನ ಲೈಸೆನ್ಸ್ ಇದ್ದು ನಿಮಗೆ ಕಲಿಸುವವರು ಮಾತ್ರ ಕೂರಬಹುದು. ಅಂದರೆ ಅಕ್ಕನನ್ನು ಸಂತೆಗೆ ಕರೆದುಕೊಂಡು ಹೋಗುವಂತಿಲ್ಲ, ಮಗಳನ್ನು ಸ್ಕೂಲಿಗೆ ಬಿಡುವಂತಿಲ್ಲ. ಇಪ್ಪತ್ತು ವರ್ಷ ಓಡಿಸಿದವರಿಗೆ ಇದು ತಮಾಷೆ ಅನ್ನಿಸುತ್ತದೆ, ಗೊತ್ತು. ಹೆಚ್ಚೆಂದರೆ ಆರು ತಿಂಗಳ ಮಾತು, ಬಸ್ಸಿಗೆ ಕಳಿಸಿ.

ಈಗ 8, ಅಂದರೆ ಕಾಲು ಊರದೇ ಎಂಟರ ಆಕಾರದಲ್ಲಿ ಬೈಕ್ ಸುತ್ತಿಸುವುದು. ಡ್ರೈವಿಂಗ್ ಟೆಸ್ಟಲ್ಲಿ ಬೈಕಿನವರು ಬೀಳುವುದು ಇಲ್ಲೇ. ಅದರಲ್ಲೂ ಹಳೇ ಕೈಗಳೇ ಜಾಸ್ತಿ ಬೀಳುತ್ತಾರೆ. ಯಾಕೆಂದರೆ ನಾವು ಹಳ್ಳಿಯಲ್ಲಿ ತಿರುವಲ್ಲಿ ಕಾಲು ಊರಿ ಊರಿ ರೂಢಿ. ನಾನು ಮೊದಲ ಟೆಸ್ಟಲ್ಲಿ ಎರಡನೇ ಸುತ್ತಿಗೆ ಎಡಗಾಲು ಇಟ್ಟುಬಿಟ್ಟೆ. ಇನ್‌ಸ್ಪೆಕ್ಟರ್ ಏನೂ ಅನ್ನಲಿಲ್ಲ, ಪೆನ್ ಎತ್ತಿ ಗೀಟು ಹಾಕಿದರು ಅಷ್ಟೇ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಇರುವಂಥ ಸೆನ್ಸರ್ ಟ್ರ್ಯಾಕ್ ಆದರೆ ಕೈಮುಗಿದು ಕೇಳೋಕೂ ಮನುಷ್ಯ ಇರುವುದಿಲ್ಲ, ಕಂಪ್ಯೂಟರೇ ಹೇಳುತ್ತದೆ. ಫೇಲ್ ಆದರೆ 7 ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಫೇಲ್ ಆದರೆ 60 ದಿನ ಕಾಯಬೇಕು.

ಆ ಏಳು ದಿನ ನಾನು ಕಣದಲ್ಲಿ ಎರಡು ಹಳೇ ಟ್ರ್ಯಾಕ್ಟರ್ ಟೈರ್ ಮಲಗಿಸಿ, ಸುತ್ತ ಒಲೆ ಬೂದಿಯಲ್ಲಿ 8 ಎಳೆದುಕೊಂಡೆ. ದಿನಾ ಸಂಜೆ ಹತ್ತತ್ತು ಸುತ್ತು. ಎರಡು ದಿನ ಬೂದಿ ಗೆರೆಯನ್ನೇ ನೋಡಿಕೊಂಡು ಹೋಗುತ್ತಿದ್ದೆ, ಪ್ರತಿ ಸಲ ಗೆರೆ ಮೇಲೆಯೇ ಚಕ್ರ. ಅತ್ತೆ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ‘ನೆಲ ಯಾಕೆ ನೋಡ್ತೀಯೇ, ಹೋಗೋ ಕಡೆ ನೋಡೇ’ ಅಂದರು. ಅವರು ಜೀವನದಲ್ಲಿ ಸೈಕಲ್ಲೂ ತುಳಿದವರಲ್ಲ. ಆದರೆ ಗುಟ್ಟು ಅದೇ! ತಲೆ ತಿರುಗಿಸಿ ಮುಂದಿನ ಟೈರ್ ನೋಡಿದರೆ ಹ್ಯಾಂಡಲ್ ತಾನೇ ಅತ್ತ ಹೋಗುತ್ತದೆ. ಗೇರ್ ಬೈಕಿಗೆ ಹೇಳುವುದಾದರೆ ಫಸ್ಟ್ ಗೇರ್, ಕ್ಲಚ್ ಅರ್ಧ ಹಿಡಿದು ಆಡಿಸುತ್ತಾ, ಹಿಂದಿನ ಬ್ರೇಕ್ ಮೇಲೆ ಕಾಲು ಸುಮ್ನೆ ಹಗುರವಾಗಿ. ಆಕ್ಸಿಲರೇಟರ್ ಒಂದೇ ಸಮ ಇರಲಿ. ಮುಂದಿನ ಬ್ರೇಕ್ ಮುಟ್ಟಲೇಬೇಡಿ, ತಿರುವಲ್ಲಿ ಮುಟ್ಟಿದರೆ ಬೈಕ್ ವಾಲುತ್ತದೆ, ಕಾಲು ತಾನಾಗಿ ಕೆಳಗೆ ಬರುತ್ತದೆ. ಹೊರಡುವಾಗ, ತಿರುಗುವಾಗ ಇಂಡಿಕೇಟರ್ ಹಾಕುವುದು ಮರೆಯಬೇಡಿ. ನಮಗೆ ಅದರ ರೂಢಿಯೇ ಇಲ್ಲ.

ಟೆಸ್ಟ್‌ಗೆ ಹೆಲ್ಮೆಟ್ ಬೇಕೇ ಬೇಕು, ಐಎಸ್‌ಐ ಮಾರ್ಕಿನದ್ದು. ಟೋಪಿ ಥರದ ಅರ್ಧ ಹೆಲ್ಮೆಟ್ ಹಾಕಿಕೊಂಡು ಹೋಗಬೇಡಿ. ಪಾಸಾದರೆ ಡಿಎಲ್ ಪೋಸ್ಟಲ್ಲಿ ಬರುತ್ತದೆ. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ನಿಮ್ಮ ವಯಸ್ಸಿಗೆ ಹತ್ತು ವರ್ಷಕ್ಕೆ ಕೊಡುತ್ತಾರೆ, ಮಗನಿಗೆ ಆದರೆ 40 ತುಂಬುವ ತನಕ.

ಕೊನೆಯಲ್ಲಿ ಕೇಳಿದ್ದಿರಿ, ಹೊಸದಾಗಿ ಲೈಸೆನ್ಸ್ ಸಿಕ್ಕ ಹುಡುಗರಿಗೆ ದೊಡ್ಡ ಬೈಕ್ ಓಡಿಸೋಕೆ ಏನಾದರೂ ತಡೆ ಇದೆಯಾ ಅಂತ. ನಮ್ಮಲ್ಲಿ ಇಲ್ಲ. ಇಂಗ್ಲೆಂಡ್‌ನಲ್ಲಿರುವ ನಮ್ಮ ಚಿಕ್ಕಮ್ಮನ ಮಗ ಹೇಳುತ್ತಿರುತ್ತಾನೆ, ಅಲ್ಲಿ 17ಕ್ಕೆ 125 ಸಿಸಿ ತನಕ ಮಾತ್ರ, ಮೇಲೆ ಹಂತ ಹಂತವಾಗಿ, ದೊಡ್ಡ ಬೈಕಿಗೆ ನೇರವಾಗಿ ಟೆಸ್ಟ್ ಕೊಡಬೇಕಾದರೆ 24 ತುಂಬಬೇಕಂತೆ. ಇಲ್ಲಿ 18ಕ್ಕೆ ಸ್ಪ್ಲೆಂಡರ್‌ನಲ್ಲಿ 8 ಹಾಕಿದ ಹುಡುಗ ಮರುದಿನವೇ 650 ಸಿಸಿ ಹತ್ತಬಹುದು. ಸರ್ಕಾರ ಹಾಕದ ಕಟ್ಟನ್ನು ಮನೆಯಲ್ಲಿ ನೀವೇ ಹಾಕಬೇಕು. ನಾನು ನನ್ನ ಮಗಳಿಗೆ ಮೊದಲ ಆರು ತಿಂಗಳು ಮೂರು ಮಾತು ಹೇಳಿದ್ದೆ: ಕತ್ತಲಾದ ಮೇಲೆ ಬೇಡ, ಹಿಂದೆ ಯಾರೂ ಬೇಡ, ಹಾಲಿನ ಕ್ಯಾನ್ ಬೇಡ. ಕ್ಯಾನ್ ಯಾಕೆ ಅಂದರೆ, ಅರ್ಧ ತುಂಬಿದ ಕ್ಯಾನಲ್ಲಿ ಹಾಲು ತುಳುಕುತ್ತದೆ, ಬ್ರೇಕ್ ಹಾಕಿದ ಮೇಲೂ ಅದು ಮುಂದಕ್ಕೆ ನೂಕುತ್ತದೆ. ಅದು ಕಲಿಯುವವರ ಕೈಗೆ ಸಿಗುವುದಿಲ್ಲ. ನಿಮ್ಮ ಮಗನಿಗೂ 18 ಆದ ತಕ್ಷಣ ಡೈರಿ ಕೆಲಸ ಹಚ್ಚಬೇಡಿ. ಈಗ ಬೇಕಾದರೆ ನಿಮ್ಮ ಸ್ವಂತ ಹೊಲದಲ್ಲಿ, ಕೊಯ್ಲಾದ ಮೇಲೆ, ಹೆಲ್ಮೆಟ್ ಹಾಕಿಸಿ, ನೀವು ಪಕ್ಕದಲ್ಲಿದ್ದು ಕಲಿಸಿ. ರಸ್ತೆಗೆ ಮಾತ್ರ ಇಳಿಸಬೇಡಿ.

ಇನ್ನೊಂದು. ಟೆಸ್ಟ್‌ಗೆ ಬೈಕ್ ನೀವೇ ತರಬೇಕು. ಆರ್‌ಸಿ (ಗಾಡಿಯ ರಿಜಿಸ್ಟ್ರೇಷನ್ ಪತ್ರ), ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಮೂರೂ ಚಾಲ್ತಿಯಲ್ಲಿರಬೇಕು. ಇಪ್ಪತ್ತು ವರ್ಷದಿಂದ ಅದೇ ಬೈಕ್ ಅಂದಿರಿ. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನೀವು ಮಾಡಿಸಿದ್ದೀರಾ? ಮಾಡಿಸಿಲ್ಲ ಅಂದರೆ ಸ್ಲಾಟ್ ಬುಕ್ ಮಾಡುವ ಮುಂಚೆ ತಮ್ಮನ ಬೈಕ್ ಕೇಳಿಟ್ಟುಕೊಳ್ಳಿ. ಈಗಲೇ ಆರ್‌ಸಿ ತೆಗೆದು ತಾರೀಖು ನೋಡಿ ಇಲ್ಲೇ ಹೇಳಿ, ಸಂಜೆ ಹಾಲು ಹಾಕಿ ಬಂದ ಮೇಲೆ ಮುಂದಿನದ್ದು ಬರೆಯುತ್ತೇನೆ.