ಆಪರೇಷನ್ ಮುಂದೆ ಹೋದರೆ ಸಿಟ್ಟು ಬರುವುದು ತಪ್ಪಾ?

ಶಂಕರಪುರ ಕಡೆಯ ಓದುಗರೊಬ್ಬರ ಪತ್ರ. ಹೆಸರು ಬೇಡ ಎಂದಿದ್ದಾರೆ. ಸ್ತನ ಕ್ಯಾನ್ಸರ್, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್‌ಗೆ ತಾರೀಕು ಸಿಕ್ಕಿತ್ತು. ಮಲ್ಲಿಗೆ ಕೊಯ್ದು ಕಟ್ಟುವುದಕ್ಕೆ ಮುಂಬೈಯಿಂದ ನಾದಿನಿಯನ್ನು ಕರೆಸಿಕೊಂಡಿದ್ದರು. ರಾತ್ರಿಯಿಂದ ಉಪವಾಸ ಇದ್ದು, ಬಳೆ, ಕರಿಮಣಿ ತೆಗೆದುಕೊಟ್ಟು, ಗೌನ್ ಹಾಕಿಕೊಂಡು ಕಾದರು. ಮಧ್ಯಾಹ್ನ ಸಿಸ್ಟರ್ ಬಂದು, ‘ಎಮರ್ಜೆನ್ಸಿ ಕೇಸು ಬಂದಿದೆ, ನಿಮ್ಮದು ಇವತ್ತು ಆಗುವುದಿಲ್ಲ’ ಎಂದರು. ಕೈಗೆ ಚುಚ್ಚಿದ ಸೂಜಿ ತೆಗೆದು, ಹತ್ತಿ ಅಂಟಿಸಿ ಮನೆಗೆ ಕಳಿಸಿದರು. ಅವರು ಬರೆಯುತ್ತಾರೆ: ‘ಆಕ್ಸಿಡೆಂಟ್ ಆದ ಹುಡುಗ ಬದುಕಲಿ ಅಂತ ಬೇಡಿಕೊಂಡೆ. ಅದೇ ಬಾಯಲ್ಲಿ ಅವನಿಗೆ ಬಯ್ದೂ ಬಿಟ್ಟೆ. ನಾನು ಅಷ್ಟು ಕೆಟ್ಟವಳಾ? ಒಮ್ಮೆ ಗಟ್ಟಿ ಮಾಡಿಕೊಂಡ ಮನಸ್ಸನ್ನು ಮತ್ತೆ ಗಟ್ಟಿ ಮಾಡುವುದು ಹೇಗೆ?’

ಸಂಪಾದಕರ ಉತ್ತರ:

ಅಕ್ಕಾ, ಕೆಟ್ಟವರಲ್ಲ. ಆ ಎರಡೂ ಮಾತು ನಿಜವಾಗಿಯೇ ಬಂದವು. ಒಂದಕ್ಕಾಗಿ ಇನ್ನೊಂದನ್ನು ಅಳಿಸಬೇಕಾಗಿಲ್ಲ.

‘ಏನು ಮಾರಾಯ್ತಿ, ನಾಲ್ಕು ದಿನ ಲೇಟಾದರೆ ಏನಾಯ್ತು’ ಎಂದರಂತೆ ನಿಮ್ಮ ಯಜಮಾನರು. ಅವರಿಗೂ ಹೆದರಿಕೆಯೇ, ಹೇಳಿದ ರೀತಿ ಮಾತ್ರ ಸರಿ ಇಲ್ಲ. ನೀವು ಕಳೆದುಕೊಂಡದ್ದು ನಾಲ್ಕು ದಿನವನ್ನಲ್ಲ. ದೇಹದ ಒಂದು ಭಾಗದ ಮೇಲೆ ಕತ್ತಿ ಬೀಳಲಿ ಎಂದು ಒಪ್ಪಿಕೊಳ್ಳಲು ಎಷ್ಟೋ ರಾತ್ರಿ ಬೇಕಾಗಿತ್ತು. ಆ ಒಪ್ಪಿಗೆಯನ್ನೇ ವಾಪಸ್ ಕೈಗೆ ಕೊಟ್ಟು ಕಳಿಸಿದ ಹಾಗಾಯಿತು. ಸಿಟ್ಟು ಬರದಿದ್ದರೇ ಆಶ್ಚರ್ಯ.

ಮತ್ತೆ ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂದಿರಿ. ಈಗಲೇ ಬೇಡ ಅಂತ ನಮ್ಮ ಅಭಿಪ್ರಾಯ. ಹೊಸ ತಾರೀಕು ಬರುವವರೆಗೆ ದಿನಾ ಧೈರ್ಯವಂತೆ ಆಗಿರಬೇಕಾಗಿಲ್ಲ. ಅಳು ಬಂದರೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳಬೇಡಿ, ನಾದಿನಿಯ ಎದುರಲ್ಲೇ ಅಳಿ. ಧೈರ್ಯ ಹಿಂದಿನ ದಿನ ಬಂದರೆ ಸಾಕು. ‘ಆಪರೇಷನ್ ಹೇಗಾಯ್ತು’ ಅಂತ ಬರುವ ಫೋನುಗಳನ್ನೂ ಆಕೆಯೇ ಎತ್ತಲಿ. ಫ್ಯಾಮಿಲಿ ಗ್ರೂಪಿನಲ್ಲಿ ಒಂದೇ ಮೆಸೇಜ್ ಹಾಕಿಸಿ: ಮುಂದೆ ಹೋಗಿದೆ, ತಾರೀಕು ಗೊತ್ತಾದಾಗ ತಿಳಿಸುತ್ತೇವೆ. ಅದೇ ಕಥೆಯನ್ನು ಪ್ರತಿಯೊಬ್ಬರಿಗೂ ಹೇಳುವುದು ಕಾಯುವುದಕ್ಕಿಂತ ಜಾಸ್ತಿ ಸುಸ್ತು ಮಾಡುತ್ತದೆ.

ಅಷ್ಟರಲ್ಲಿ ಹರಡಿದರೆ ಎಂಬ ಹೆದರಿಕೆಗೆ ಸರಿಯಾದ ಉತ್ತರ ಕೊಡಬೇಕಾದವರು ನಿಮ್ಮ ಸರ್ಜನ್. ಸಾಮಾನ್ಯವಾಗಿ ಕೆಲವು ದಿನಗಳ ತಡದಿಂದ ಚಿಕಿತ್ಸೆಯ ದಾರಿ ತಪ್ಪುವುದಿಲ್ಲ. ಆದರೆ ವಾರಗಳು ಸೇರುತ್ತಾ ಹೋದರೆ ಮಾತು ಬೇರೆ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ನಾಲ್ಕು ವಾರದ ತಡ ಕೂಡ ಲೆಕ್ಕಕ್ಕೆ ಬರುತ್ತದೆ ಎಂದಿದೆ. ಹೆದರಿಸಲು ಹೇಳಿದ್ದಲ್ಲ. ‘ಫೋನ್ ಮಾಡ್ತೇವೆ’ ಎಂದರೆಂದು ಸುಮ್ನೆ ಕೂರಬೇಡಿ. ನೀವೇ ಫೋನ್ ಮಾಡಿ, ಯಾವ ತಾರೀಕು, ಎಷ್ಟು ದಿನದೊಳಗೆ ಆಗಲೇಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮತ್ತೆ ಮುಂದೆ ಹೋದರೆ ಬೇರೆ ಕಡೆ ಮಾಡಿಸಬಹುದಾ ಎಂದೂ ಕೇಳಿ. ಅದು ಉದ್ಧಟತನ ಅಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಮಾಡಿಸುವುದಾದರೆ, ಸಿಕ್ಕಿದ ಅನುಮತಿ ಹೊಸ ತಾರೀಕಿಗೂ ನಡೆಯುತ್ತದಾ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಹತ್ತಿರ ವಿಚಾರಿಸಿ.

ಮೂರು ಚೆಂಡಿನ ಆ ಪ್ಲಾಸ್ಟಿಕ್ ಡಬ್ಬ ಕೊಟ್ಟಿದ್ದಾರಲ್ಲ, ಉಸಿರು ಎಳೆದು ಚೆಂಡು ಮೇಲೇರಿಸುವುದು, ಅದನ್ನು ಬಿಡಬೇಡಿ. ನಡೆಯಿರಿ, ಹೊಟ್ಟೆತುಂಬ ಉಣ್ಣಿ. ನೆಗಡಿ ಇದ್ದವರು ಮಾತಾಡಿಸಲು ಬಂದರೆ ಜಗಲಿಯಲ್ಲೇ ಕೂರಿಸಿ. ಜ್ವರ, ಕೆಮ್ಮು ಬಂದರೆ ಆಪರೇಷನ್ ಮತ್ತೆ ಮುಂದೆ ಹೋದೀತು.

ರಾತ್ರಿ ನಿದ್ದೆಯೇ ಇಲ್ಲ, ಅನ್ನ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂತಾದರೆ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ನಿಮ್ಮ ಅತ್ತೆಯ ಮಾತು: ಆಪರೇಷನ್ ನಿಂತದ್ದು ದೈವದ ಸೂಚನೆ, ಕತ್ತಿ ಬೇಡ, ನಾಟಿ ಮದ್ದು ಮಾಡೋಣ. ದೈವಕ್ಕೆ ಕೈ ಮುಗಿಯಿರಿ, ತಪ್ಪೇನಿಲ್ಲ. ಆದರೆ ಥಿಯೇಟರ್ ಖಾಲಿ ಇರಲಿಲ್ಲ, ಅಷ್ಟೇ ಆದದ್ದು. ಕೆಲವು ಮದ್ದುಗಳಿಂದ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ಲಿವರ್‌ಗೂ ತೊಂದರೆ ಆಗುತ್ತದೆ. ಡಾಕ್ಟರನ್ನು ಕೇಳದೆ ಕಷಾಯ, ಪುಡಿ ಯಾವುದೂ ಬೇಡ. ಅತ್ತೆಯ ಹತ್ತಿರ ವಾದ ಮಾಡಲು ಹೋಗಬೇಡಿ. ಪತ್ರಿಕೆಯವರು ಬೇಡ ಎಂದಿದ್ದಾರೆ ಅನ್ನಿ, ಬಯ್ಗುಳ ನಮಗೇ ಬರಲಿ.