‘ಲೇಟ್’ ಅಂದ್ರೆ ತಡವೋ, ತೀರಿಹೋದವರೋ?

‘ಮೈ ಲೇಟ್ ಅಂಕಲ್’ ಅಂದರೆ ತಡವಾಗಿ ಬಂದ ಚಿಕ್ಕಪ್ಪ ಅಂತಾನಾ ಎಂದು ಕೇಳಿದ್ದೀರಿ. ಅಲ್ಲ, ತೀರಿಹೋದ ಚಿಕ್ಕಪ್ಪ ಅಂತ. ಕನ್ನಡದ ‘ದಿವಂಗತ’ ಇದ್ದ ಹಾಗೆ.

ಪದ ಎಲ್ಲಿ ಕೂತಿದೆ ಅಂತ ನೋಡಿ. ಸಂಬಂಧದ ಪದಕ್ಕಿಂತ ಮೊದಲು ಬಂದರೆ, ಅಂದರೆ ‘ಮೈ ಲೇಟ್ ಫಾದರ್’, ‘ಹರ್ ಲೇಟ್ ಹಸ್ಬೆಂಡ್’ ಅಂದಾಗ, ಆ ವ್ಯಕ್ತಿ ಈಗಿಲ್ಲ. ‘ಮೈ ಫಾದರ್ ಈಸ್ ಲೇಟ್’ ಅಂದರೆ ಅಪ್ಪ ಇನ್ನೂ ಬಂದಿಲ್ಲ, ಅಷ್ಟೇ. ಇದು ಅದಲುಬದಲಾದರೆ ಕೇಳಿದವರ ಎದೆ ಧಸಕ್ ಅನ್ನುತ್ತೆ, ಹಾಗಾಗಿ ಇದೊಂದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ವಸ್ತು, ಕೆಲಸಗಳಿಗೆ ಈ ತೊಂದರೆ ಇಲ್ಲ: ‘ಲೇಟ್ ರಿಪ್ಲೈ’ ಅಂದರೆ ತಡವಾದ ಉತ್ತರ.

ಮೂರನೇ ಅರ್ಥವೂ ಇದೆ, ಕೊನೆಯ ಭಾಗ ಅಂತ. ‘ಲೇಟ್ 1990ಸ್’ ಅಂದರೆ ಹೆಚ್ಚುಕಮ್ಮಿ 1997ರಿಂದ 1999. ‘ಲೇಟ್ ನೈಟ್’ಗೆ ನಮ್ಮ ‘ತಡರಾತ್ರಿ’ ಎಷ್ಟು ಚೆನ್ನಾಗಿ ಹೊಂದುತ್ತೆ ಅಲ್ವಾ!

‘ಲೇಟ್ಲಿ’ಯನ್ನು ಮಾತ್ರ ‘ತಡವಾಗಿ’ ಅಂತ ಬಳಸಬೇಡಿ. ಅದು ‘ಇತ್ತೀಚೆಗೆ’. ತಡವಾಗಿ ಬಂದೆ ಅನ್ನೋಕೆ ‘ಐ ಕೇಮ್ ಲೇಟ್’ ಸಾಕು.